ಸ್ಕೂಟರ್ ಮೇಲೆ ಕೂತ ಅತ್ತೆ

ಕಣ್ಣಿನ ಪಟ್ಟಿ ಬಿಚ್ಚಿದ ದಿನ ಅತ್ತೆ ಮೊಟ್ಟಮೊದಲು ಸರಿಯಾಗಿ ನೋಡಿದ್ದು ಅಳಿಯನ ತಲೆಯನ್ನು. ಇಷ್ಟೊಂದು ಕೂದಲು ಯಾವಾಗ ಹೋಯಿತು ಎಂದು ಕೇಳಿಬಿಟ್ಟು, ಕೇಳಬಾರದಿತ್ತೇನೋ ಅನ್ನಿಸಿ ಮಗಳ ಕಡೆ ತಿರುಗಿದರು. ಅಳಿಯ ತಲೆ ಸವರಿಕೊಂಡು ನಕ್ಕ. ಮದುವೆಯಾಗಿ ಹತ್ತು ವರ್ಷದ ಮೇಲಾಗಿದ್ದರೂ ಅವರಿಬ್ಬರ ನಡುವೆ ‘ಊಟ ಆಯ್ತಾ’, ‘ಬಸ್ಸು ಸಿಕ್ತಾ’ ಬಿಟ್ಟು ಬೇರೆ ಮಾತು ನಡೆದದ್ದು ಕಡಿಮೆ. ಜಗಳವೇನೂ ಇರಲಿಲ್ಲ. ಅವನು ಮೊದಲೇ ಮಿತಭಾಷಿ. ಅವರಿಗೋ, ಅಳಿಯ ಅಂದರೆ ಹೇಗೆ ಮಾತಾಡಿಸಬೇಕೋ ಎಂಬ ಅಳುಕು.

ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಊರಿನವರ ಸಾವು, ಹುಟ್ಟು, ವ್ಯಾಪಾರ, ಪ್ರೇಮ ಎಲ್ಲವನ್ನೂ ಒಂದು ತಂತಿಯಿಂದ ಇನ್ನೊಂದಕ್ಕೆ ದಾಟಿಸಿ ನಿವೃತ್ತರಾದವರು. ಎರಡೂ ಕಣ್ಣಿಗೆ ಪೊರೆ ಬಂದು, ಒಬ್ಬರೇ ಇರುವುದು ಕಷ್ಟವಾದಾಗ ಮಗಳು ಹೋಗಿ ಕರೆತಂದಿದ್ದಳು. ಬಂದವರು ಸುಮ್ಮನೆ ಕೂರಲಿಲ್ಲ. ಆಪರೇಷನ್ನಿಗೆ ಮೊದಲೇ, ಮಂಜುಗಣ್ಣಿನಲ್ಲೇ, ಹಳೆಯ ಕಿಟಕಿ ಪರದೆಯನ್ನು ಕತ್ತರಿಸಿ ಅಳಿಯನ ಸ್ಕೂಟರಿನ ಸೀಟಿಗೆ ಒಂದು ಕವರು ಹೊಲಿದು ಕೊಟ್ಟಿದ್ದರು. ಹೊಲಿಗೆ ಎಡಕ್ಕೆ ಹೊರಟು ಬಲಕ್ಕೆ ಮುಗಿದಿತ್ತು, ನೀಲಿ ಹೂಗಳು ತಲೆಕೆಳಗಾಗಿದ್ದವು. ಅಳಿಯ ಮರುಮಾತಾಡದೆ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದ.

ಪಟ್ಟಿ ಬಿಚ್ಚಿದ ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರು: ಕೆಲವು ತಿಂಗಳು ಓದಬಾರದು, ಹೊಲಿಯಬಾರದು, ಬಗ್ಗಬಾರದು. ದೂರ ಎಷ್ಟು ಬೇಕಾದರೂ ನೋಡಬಹುದು. ಹಾಗಾಗಿ ಅತ್ತೆ ಎರಡನೇ ಮಹಡಿಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ದೂರ ನೋಡತೊಡಗಿದರು. ದೂರದಲ್ಲಿ ಇದ್ದದ್ದು ರಸ್ತೆಯಾಚೆಯ ಒಂದು ತಗಡಿನ ಶೆಡ್ಡು. ಹಿಂದೆ ಅಲ್ಲಿ ಮಂಜುಗಡ್ಡೆ ಮಾಡುತ್ತಿದ್ದರಂತೆ. ಈಗ ‘ಹಳೆಯ ಸಾಮಾನು ಕೊಳ್ಳಲಾಗುವುದು’ ಎಂಬ ಬೋರ್ಡಿತ್ತು. ಯಜಮಾನ ಸುಮಾರು ನಲವತ್ತರ ಆಳು. ಗ್ರೀಸು, ತುಕ್ಕು, ಮುರಿದ ಕಬ್ಬಿಣದ ನಡುವೆಯೂ ಅವನ ಬೂಟು ಮಾತ್ರ ಫಳಫಳ ಹೊಳೆಯುತ್ತಿತ್ತು. ಅತ್ತೆ ಅವನಿಗೆ ಪಾಲಿಶ್ ಎಂದು ಹೆಸರಿಟ್ಟರು.

ಕೆಲವು ದಿನ ನೋಡಿದ ಮೇಲೆ ಒಂದು ಸಂಜೆ ಊಟದ ಮೇಜಿನಲ್ಲಿ ವಿಷಯ ತೆಗೆದರು. ಆ ಶೆಡ್ಡಿಗೆ ಸ್ಕೂಟರು, ಬೈಕುಗಳು ಇಡಿಯಾಗಿ ಒಳಗೆ ಹೋಗುತ್ತವೆ. ಹೊಸ ಬಣ್ಣ ಮಾಸದಿರುವಂಥವು. ಹೊರಗೆ ಬರುವಾಗ ಚೀಲದಲ್ಲಿ ತುಂಡಾಗಿ ಬರುತ್ತವೆ.

“ಒಳಗೆ ಹೋಗೋಕೆ ದಾರಿ ಇದೆ, ಹೊರಗೆ ಬರೋಕಿಲ್ಲ. ಅದು ಕದ್ದ ಮಾಲು ಬಿಚ್ಚೋ ಜಾಗ” ಎಂದರು.

ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದ ಮಗಳು, ಮಕ್ಕಳ ಚಿತ್ರಗಳಿಗೆ ಅಂಕ ಹಾಕುತ್ತಿದ್ದವಳು, ತಲೆಯೆತ್ತದೆಯೇ ಗಂಡನಿಗೆ ಹೇಳಿದಳು, ಮಧ್ಯಾಹ್ನ ಹೇಗೂ ಅಂಗಡಿ ಮುಚ್ಚುತ್ತೀರಲ್ಲ, ಅಮ್ಮನನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋಗಿ ಒಂದು ಮಾತು ಹೇಳಿಬನ್ನಿ ಎಂದು. ಎರಡು ಬೀದಿ ಆಚೆ ಅವನದೊಂದು ಸಣ್ಣ ಕನ್ನಡಕದ ಅಂಗಡಿ. ಬೇಡ ಅನ್ನೋಣವೆಂದರೆ ಎದುರಿಗೆ ಅತ್ತೆ. ಮಾರನೆಯ ದಿನ ಹೋದರು.

ಸ್ಟೇಷನ್ನಿನಲ್ಲಿ ಒಂದು ಬೆಂಚು, ಕಟಕಟ ಸದ್ದು ಮಾಡುವ ಫ್ಯಾನು, ಹಾರದಂತೆ ಕಲ್ಲು ಹೇರಿದ ಕಾಗದಗಳು, ಮೇಜಿನ ಹಿಂದೆ ರೈಟರು ಅಂದರೆ ದೂರು ಬರೆದುಕೊಳ್ಳುವ ಹಿರಿಯ ಪೇದೆ. ಒಳ್ಳೆಯ ಮುಖದ ಮನುಷ್ಯ. ಕುಡಿಯಲು ನೀರು ಕೊಡಿಸಿ, ಏನು ಕಳೆದುಕೊಂಡಿರಿ ಎಂದು ಕೇಳಿದ. ಏನೂ ಇಲ್ಲ ಎಂದರು ಅತ್ತೆ. ಮತ್ತೆ? ಬೇರೆಯವರು ಕಳೆದುಕೊಂಡಿದ್ದಾರೆ. ಹಾಗಾದರೆ ಬೇರೆಯವರೇ ಬರಲಿ ಎಂದ ರೈಟರು. ಹಳೆಯ ಸಾಮಾನು ಕೊಳ್ಳುವುದು ಅಪರಾಧವಲ್ಲ ಎಂದೂ ತಿಳಿಸಿ ಹೇಳಿದ. ಆಮೇಲೆ ಅವರ ಕಪ್ಪು ಕನ್ನಡಕ ನೋಡಿ, ಅಜ್ಜಿಗೆ ಈಗ ತಾನೇ ಆಪರೇಷನ್ ಆಗಿರುವಂತಿದೆ, ಎರಡನೇ ಮಹಡಿಯಿಂದ ಕಂಡದ್ದು ಅಂತೀರಿ, ಕಣ್ಣಿಗೆ ಏನೇನೋ ಕಾಣುತ್ತದೆ ಎಂದು ಮೆತ್ತಗೆ ಸೇರಿಸಿದ.

ಅತ್ತೆಯ ಮುಖ ಚಿಕ್ಕದಾಯಿತು. ಅದನ್ನು ನೋಡಿದ ಅಳಿಯನಿಗೆ ಏನಾಯಿತೋ, ಗಂಟಲು ಸರಿಮಾಡಿಕೊಂಡ.

“ಸಾರ್, ನಾನು ಕನ್ನಡಕದ ಅಂಗಡಿಯವನು. ಅವರ ಕಣ್ಣು ನಾನೇ ಪರೀಕ್ಷೆ ಮಾಡಿದೀನಿ. ನಮ್ಮ ಬೀದೀಲಿ ಅವರಷ್ಟು ದೂರ ಕಾಣೋರು ಯಾರೂ ಇಲ್ಲ.”

ರೈಟರು ನೋಡೋಣ ಎಂದ. ಹೊರಗೆ ಬಂದ ಮೇಲೆ ಅತ್ತೆ ಕನ್ನಡಕ ಸರಿಮಾಡಿಕೊಂಡರು. ಆಮೇಲೆ, “ನೀವು ಮಾತಾಡ್ತೀರಿ ಅಂತ ನಂಗೆ ಗೊತ್ತೇ ಇರ್ಲಿಲ್ಲ, ಅಳಿಯಂದ್ರೇ” ಎಂದರು. ಆ ದಿನ ಇಬ್ಬರೂ ಮೂಲೆಯ ಅಂಗಡಿಯಲ್ಲಿ ನಿಂತು ಚಹಾ ಕುಡಿದರು.

‘ನೋಡೋಣ’ ಎಂದ ರೈಟರು ಏನನ್ನೂ ನೋಡಲಿಲ್ಲ. ಮುಂದಿನ ವಾರ ಹೋದರೆ ರಸ್ತೆಯ ಈಚೆ ಬದಿ ಮಾತ್ರ ನಮ್ಮದು, ಆಚೆ ಬದಿ ಇನ್ನೊಂದು ಸ್ಟೇಷನ್ನಿನದು ಎಂದ. ಆ ಇನ್ನೊಂದು ಸ್ಟೇಷನ್ನಿಗೆ ಬಸ್ಸು ಹಿಡಿದು ಹೋದರು. ಅಲ್ಲಿಯವರು ಗೋಡೆಯ ನಕ್ಷೆಯ ಮೇಲೆ ಬೆರಳಾಡಿಸಿ, ಶೆಡ್ಡಿನ ಬಾಗಿಲು ಎತ್ತ ಮುಖ ಮಾಡಿದೆಯೋ ಅದೇ ಲೆಕ್ಕ, ಆದ್ದರಿಂದ ಅದು ಅವರದೇ ಎಂದು ಹಿಂದಕ್ಕೆ ಕಳಿಸಿದರು. ಮತ್ತೆ ಬಂದರೆ ಇದು ಸಾಹೇಬರೇ ತೀರ್ಮಾನಿಸಬೇಕಾದ ವಿಷಯ, ಸಾಹೇಬರು ರೌಂಡ್ಸಿಗೆ ಹೋಗಿದ್ದಾರೆ. ಇನ್ನೊಮ್ಮೆ ಹೋದರೆ ಮೀಟಿಂಗು. ಅತ್ತೆ ಹೇಳಿದ್ದೆಲ್ಲ ಕಲ್ಲಿನ ಮೇಲೆ ಮಳೆ ಸುರಿದ ಹಾಗಾಯಿತು. ಜೀವಮಾನವಿಡೀ ಊರಿಗೆಲ್ಲ ‘ಲೈನು ಖಾಲಿ ಇಲ್ಲ, ಸ್ವಲ್ಪ ತಡೀರಿ’ ಎಂದಿದ್ದೇನಲ್ಲ, ಅವರೆಲ್ಲರ ಶಾಪ ಈಗ ತಟ್ಟುತ್ತಿದೆ ಎಂದು ಬೆಂಚಿನ ಮೇಲೆ ಕೂತು ನಗುತ್ತಿದ್ದರು.

ಕೊನೆಗೆ ಒಬ್ಬ ಪೇದೆ ವಿಚಾರಣೆಗೆ ಬಂದ. ಅತ್ತೆ ಬಾಲ್ಕನಿಯಿಂದ ಎಲ್ಲವನ್ನೂ ಕಂಡರು. ಪಾಲಿಶ್ ಅವನಿಗೆ ಕುರ್ಚಿ ಕೊಟ್ಟ, ಚಹಾ ತರಿಸಿದ. ಬರುವಾಗ ಪೇದೆಯ ಬೈಕಿಗೆ ಎಡಗಡೆ ಕನ್ನಡಿ ಇರಲಿಲ್ಲ, ಹೋಗುವಾಗ ಇತ್ತು. ಇದನ್ನು ಅವರು ರೈಟರಿಗೆ ಹೇಳಿದಾಗ ಫ್ಯಾನಿನ ಸದ್ದಿನಲ್ಲಿ ಆತನಿಗೆ ಕೇಳಿಸಲಿಲ್ಲ. ಮೂಲೆಯಲ್ಲಿದ್ದ ಆ ಪೇದೆ ಮಾತ್ರ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎದ್ದು ಹೊರಗೆ ಹೋಗಿ ತನ್ನ ಬೈಕನ್ನು ಮರದ ಹಿಂದಕ್ಕೆ ನಿಲ್ಲಿಸಿ ಬಂದ.

ಹೀಗೆ ಸ್ಟೇಷನ್ನಿಗೆ ಹೋಗುವುದೇ ಅತ್ತೆ ಅಳಿಯರ ತಿರುಗಾಟವಾಯಿತು. ಹೋಗುವಾಗ ಪಾಲಿಶನ ವಿಷಯ, ಬರುವಾಗ ಬೇರೆಲ್ಲ ವಿಷಯ. ಒಂದೇ ಊರಿನಲ್ಲಿದ್ದರೂ ದಿನವೂ ಫೋನಿನಲ್ಲೇ ಜಗಳವಾಡುತ್ತಿದ್ದ ಅಣ್ಣತಮ್ಮಂದಿರ ಕತೆಯನ್ನು ಅತ್ತೆ ಹೇಳಿದರು. ಅಣ್ಣ ಸತ್ತ ಮೇಲೂ ತಮ್ಮ ಅದೇ ನಂಬರು ಕೇಳುತ್ತಿದ್ದನಂತೆ, ಅತ್ತೆ ‘ಯಾರೂ ಎತ್ತುತ್ತಿಲ್ಲ’ ಎಂದಷ್ಟೇ ಹೇಳುತ್ತಿದ್ದರಂತೆ. ಹುಡುಗನಾಗಿದ್ದಾಗ ತಾನು ಚಂದ್ರನನ್ನು ನೋಡಲೆಂದು ಗಾಜು ಉಜ್ಜಿ ಉಜ್ಜಿ ದುರ್ಬೀನು ಮಾಡಿದ್ದೆ, ಅದರಲ್ಲಿ ಕೊನೆಗೂ ಕಂಡದ್ದು ಪಕ್ಕದ ಮನೆಯವರ ನೀರಿನ ತೊಟ್ಟಿ ಎಂದು ಅಳಿಯ ಹೇಳಿದ. ಇದು ಅವನ ಹೆಂಡತಿಗೂ ಗೊತ್ತಿರಲಿಲ್ಲ. ಅಂಗಡಿಯಲ್ಲಿದ್ದ ಒಂದು ದುರ್ಬೀನನ್ನು ತಂದು ಕೊಡಲೇ ಎಂದು ಅವನು ಕೇಳಿದಾಗ ಅತ್ತೆ ಬೇಡವೆಂದರು. ಕದ್ದು ನೋಡುವುದು ಬೇರೆ, ಕಣ್ಣಿಗೆ ಬಿದ್ದದ್ದು ಬೇರೆ.

ಆದರೂ ಅಳಿಯನೂ ಮನುಷ್ಯನೇ. ಒಂದು ದಿನ ಸ್ಟೇಷನ್ನಿನಲ್ಲಿ ಬಹಳ ಹೊತ್ತು ಕೂರಿಸಿ ಕಳಿಸಿದ್ದರು. ಇತ್ತ ಕನ್ನಡಕ ತೆಗೆದುಕೊಂಡು ಹೋಗಲು ಬಂದ ಗಿರಾಕಿಗಳು ಮುಚ್ಚಿದ ಬಾಗಿಲು ನೋಡಿ ವಾಪಸು ಹೋಗಿದ್ದರು. ಅಡುಗೆಮನೆಯಲ್ಲಿ ಹೆಂಡತಿಯ ಹತ್ತಿರ, ಇದು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡ ಹಾಗೆ, ನಮ್ಮದೇನು ಹೋಗಿದೆ, ಸಾಕು ಎಂದ. ಸ್ವರ ಸ್ವಲ್ಪ ಏರಿತ್ತು. ಬಾಲ್ಕನಿಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ.

ಮರುದಿನದಿಂದ ಅತ್ತೆ ಸ್ಟೇಷನ್ನಿನ ಹೆಸರೆತ್ತಲಿಲ್ಲ. ಕುರ್ಚಿಯನ್ನು ರಸ್ತೆಗೆ ಬೆನ್ನು ಮಾಡಿ ತಿರುಗಿಸಿಕೊಂಡು, ಗೋಡೆಯನ್ನು ನೋಡುತ್ತಾ ಕೂತರು. ಅವನು ಅಂಗಡಿಗೆ ಹೊರಟಾಗ ‘ಹುಷಾರಾಗಿ ಹೋಗಿಬನ್ನಿ’ ಎಂದಷ್ಟೇ ಅನ್ನುತ್ತಿದ್ದರು. ಹಳೆಯ ಅತ್ತೆಯೇ ಮರಳಿ ಬಂದಿದ್ದರು. ಮಧ್ಯಾಹ್ನ ಅಂಗಡಿ ಮುಚ್ಚಿದರೆ ಅವನಿಗೆ ಹೊತ್ತು ಹೋಗುತ್ತಿರಲಿಲ್ಲ. ಒಬ್ಬನೇ ಮೂಲೆಯ ಅಂಗಡಿಗೆ ಹೋದರೆ ಚಹಾದವನು, ಅಮ್ಮ ಎಲ್ಲಿ ಎಂದು ಕೇಳಿದ. ನಾಲ್ಕಾರು ದಿನ ಹೀಗೇ ಕಳೆದ ಮೇಲೆ ತಡೆಯಲಾರದೆ ಮನೆಗೆ ಬಂದು, ಬಾಲ್ಕನಿಯ ಬಾಗಿಲಲ್ಲಿ ನಿಂತ.

“ಅತ್ತೆ, ಸ್ಟೇಷನ್ನಿಗೆ ಹೋಗಿ ಬರೋಣ್ವಾ? ಇವತ್ತು ಸಾಹೇಬ್ರು ಇರಬಹುದು.”

ಅತ್ತೆ ತಿರುಗಿ ನೋಡಿದರು. ಎದ್ದು ಚಪ್ಪಲಿ ಹುಡುಕತೊಡಗಿದರು. ಸಾಹೇಬರು ಅವತ್ತೂ ಇರಲಿಲ್ಲ, ಆ ಮಾತು ಬೇರೆ.

ಇದಾಗಿ ಬಹಳ ದಿನವಾಗಿರಲಿಲ್ಲ. ಒಂದು ಮಧ್ಯಾಹ್ನ ಅಳಿಯ ಅಂಗಡಿಗೆ ಬೀಗ ಹಾಕಿ ತಿರುಗಿದರೆ ಸ್ಕೂಟರಿರಲಿಲ್ಲ. ನಿಲ್ಲಿಸಿದ್ದ ಜಾಗದಲ್ಲಿ ಎಣ್ಣೆಯ ಒಂದು ಕಲೆ ಮಾತ್ರ ಇತ್ತು. ಬೇರೆಲ್ಲೋ ನಿಲ್ಲಿಸಿದೆನೇನೋ ಎಂದು ಬೀದಿಯ ಎರಡೂ ಕಡೆ ನೋಡಿದ. ಆಮೇಲೆ ಓಡುತ್ತಾ ಮನೆಗೆ ಬಂದ. ಅತ್ತೆ ಆಗಲೇ ಮೆಟ್ಟಿಲಿಳಿದು ಕೆಳಗೆ ಬಂದು ನಿಂತಿದ್ದರು, ಏದುಸಿರು ಬಿಡುತ್ತಿದ್ದರು.

“ನಿಮ್ಮ ಸ್ಕೂಟರು ಒಳಗೆ ಹೋಯ್ತು” ಎಂದರು. “ತಳ್ಳುಗಾಡೀಲಿ ಹಾಕಿ ಟಾರ್ಪಾಲು ಮುಚ್ಚಿದ್ರು. ಸೀಟಿನ ಬಟ್ಟೆ ತುದಿ ಹೊರಗೆ ಕಾಣ್ತಿತ್ತು. ಅಂಥ ಹೊಲಿಗೆ ಈ ಭೂಮಿ ಮೇಲೆ ಇನ್ನೊಂದಿರಲ್ಲ.”

ಎರಡು ಬೀದಿ ಆಚೆಯದನ್ನೇ ಹಾಡಹಗಲಲ್ಲಿ ಎತ್ತಿಕೊಂಡು ಬರುವಷ್ಟು ಧೈರ್ಯ ಪಾಲಿಶನಿಗೆ ಬಂದಿತ್ತು. ಕೇಳುವವರೇ ಇಲ್ಲದ ಮೇಲೆ ಯಾಕೆ ಬರಬಾರದು?

ಇಬ್ಬರೂ ನೇರವಾಗಿ ಸ್ಟೇಷನ್ನಿಗೆ ಹೋದರು. ಈ ಸಲ ‘ಏನು ಕಳೆದುಕೊಂಡಿರಿ’ ಎಂದರೆ ಉತ್ತರವಿತ್ತು. ರೈಟರಿಗೂ ನಿಜವಾಗಿ ಬೇಸರವಾದಂತೆ ಕಂಡಿತು. ಛೆ ಎಂದು ಪೆನ್ನು ತೆಗೆದು, ಗಾಡಿಯ ಕಾಗದಪತ್ರ ಕೊಡಿ ಎಂದ. ಅವು ಸ್ಕೂಟರಿನ ಮುಂದಿನ ಡಬ್ಬಿಯಲ್ಲಿದ್ದವು. ಕಾಗದವಿಲ್ಲದೆ ಗಾಡಿ ನಿಮ್ಮದೇ ಎಂದು ಹೇಗೆ ಬರೆಯಲಿ ಎಂದ ರೈಟರು. ಗಾಡಿ ನಮ್ಮ ಮನೆ ಎದುರಿನ ಶೆಡ್ಡಿನಲ್ಲೇ ಇದೆ, ಬಂದು ನೋಡಿ, ಕಾಗದ ಅದರಲ್ಲೇ ಇದೆ ಎಂದ ಅಳಿಯ. ಇನ್ನೊಬ್ಬರ ಜಾಗಕ್ಕೆ ಹೋಗಿ ಹುಡುಕಬೇಕಾದರೆ ಸಾಹೇಬರ ಅಪ್ಪಣೆ ಬೇಕು, ನಾಳೆ ಬೆಳಿಗ್ಗೆ ಬನ್ನಿ.

“ನಾಳೆ ಹೊತ್ತಿಗೆ ಅದು ಚೀಲದಲ್ಲಿರುತ್ತೆ” ಎಂದರು ಅತ್ತೆ. ಸಿಟ್ಟಿನಿಂದೇನೂ ಅಲ್ಲ. ಕೈಚೀಲ ಹೆಗಲಿಗೇರಿಸಿಕೊಂಡು ಎದ್ದರು.

ಮನೆಯ ಮುಂದೆ ಬಂದಾಗ ಅಳಿಯ ಮೆಟ್ಟಿಲ ಕಡೆ ತಿರುಗಿದ. ಅತ್ತೆ ತಿರುಗಲಿಲ್ಲ. ಎಡಕ್ಕೆ ನೋಡಿ, ಬಲಕ್ಕೆ ನೋಡಿ, ರಸ್ತೆ ದಾಟಿ, ಅರೆತೆರೆದಿದ್ದ ತಗಡಿನ ಬಾಗಿಲನ್ನು ತಳ್ಳಿಕೊಂಡು ಒಳಗೆ ಹೋಗಿಯೇಬಿಟ್ಟರು. ಅವನು ಹಿಂದೆ ಓಡಿದ.

ಒಳಗೆ ಪೆಟ್ರೋಲು, ರಬ್ಬರಿನ ವಾಸನೆ. ಗೋಡೆಯುದ್ದಕ್ಕೂ ಚಕ್ರಗಳನ್ನು ನೇತುಹಾಕಿದ್ದರು. ಒಂದು ಕಡೆ ಬರೀ ದೀಪಗಳು, ಇನ್ನೊಂದು ಕಡೆ ಬರೀ ಹ್ಯಾಂಡಲುಗಳು. ಸಾಲಾಗಿ ನಿಂತಿದ್ದ ಗಾಡಿಗಳ ಕೊನೆಯಲ್ಲಿ ಅವನ ಸ್ಕೂಟರಿತ್ತು. ನಂಬರ್ ಪ್ಲೇಟು ಆಗಲೇ ಹೋಗಿತ್ತು. ಸ್ಪಾನರು ಹಿಡಿದಿದ್ದ ಕೆಲಸದವನೊಬ್ಬ ಹಿಂದಿನ ಚಕ್ರದ ಹತ್ತಿರ ಕೂತಿದ್ದ. ಅತ್ತೆ ಅವನಿಗೆ ‘ಸ್ವಲ್ಪ ಸರಿಯಪ್ಪಾ’ ಎಂದು ಹೇಳಿ, ಒಂದು ಕಂಬ ಹಿಡಿದುಕೊಂಡು, ಸ್ಕೂಟರಿನ ಸೀಟಿನ ಮೇಲೆ ಒಂದೇ ಪಕ್ಕಕ್ಕೆ ಕಾಲಿಳಿಬಿಟ್ಟು ಕೂತರು. ಕೈಚೀಲವನ್ನು ಮಡಿಲಲ್ಲಿ ಇಟ್ಟುಕೊಂಡರು.

ಪಾಲಿಶ್ ಒಳಗಿನ ಕೋಣೆಯಿಂದ ಬಂದ. ಮೊದಲು ವಿನಯದಿಂದಲೇ ಅಜ್ಜಿಗೆ ಏನು ಬೇಕಾಗಿತ್ತು ಎಂದು ಕೇಳಿದ. ಏನೂ ಬೇಡ, ಕಾಲು ನೋವು, ಕೂತಿದ್ದೇನೆ ಎಂದರು ಅತ್ತೆ. ಇದು ನನ್ನ ಅಳಿಯನ ಗಾಡಿ, ಇದರ ಮೇಲೆ ಕೂರಲು ನನಗೆ ಹಕ್ಕಿದೆ ಎಂದರು. ಏನು ಮಾಡಬೇಕೆಂದು ತೋಚದೆ ಅಳಿಯನೂ ಹೋಗಿ ಅತ್ತೆಯ ಹಿಂದೆ ಸೀಟಿನಲ್ಲಿ ಕೂತ. ಕೆಲಸದವನು ಸ್ಪಾನರು ಹಿಡಿದುಕೊಂಡು ಯಜಮಾನನ ಮುಖ ನೋಡಿದ. ಮೇಲೆ ಇಬ್ಬರು ಕೂತಿರುವಾಗ ಗಾಡಿ ಬಿಚ್ಚುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ.

ಪಾಲಿಶನ ಸ್ವರ ಏರಿತು. ಎದ್ದು ಹೋಗದಿದ್ದರೆ ಪೊಲೀಸರನ್ನು ಕರೆಯುತ್ತೇನೆ ಎಂದ.

“ಕರೀರಿ” ಎಂದರು ಅತ್ತೆ. “ನಮ್ಮ ಲೈನಂತೂ ಸಿಗ್ತಿಲ್ಲ. ನಿಮ್ಮದಾದ್ರೂ ಸಿಗಬಹುದು.”

ಸಿಟ್ಟಿನಲ್ಲಿ ಮನುಷ್ಯನಿಗೆ ಮುಂದಾಲೋಚನೆ ಇರುವುದಿಲ್ಲ. ಪೊಲೀಸರು ಅಂದರೆ ತನ್ನವರೇ ಎಂಬ ಸಲಿಗೆ ಬೇರೆ. ಪಾಲಿಶ್ ಫೋನು ಮಾಡಿದ. ಚಹಾಕ್ಕಿಟ್ಟ ನೀರು ಕುದಿಯುವುದರೊಳಗೆ ಜೀಪು ಬಂದು ನಿಂತಿತು. ಅದರಿಂದ ಇಳಿದದ್ದು ಅತ್ತೆ ಅಳಿಯ ಇಷ್ಟು ದಿನ ಹೆಸರು ಮಾತ್ರ ಕೇಳಿದ್ದ ಸಾಹೇಬರು. ಹಿಂದೆ ರೈಟರು. ಸ್ಟೇಷನ್ನಿನ ಬೆಂಚಿನ ಮೇಲೆ ಕೂರುತ್ತಿದ್ದ ಅಜ್ಜಿ ಸ್ಕೂಟರಿನ ಮೇಲೆ ಕೂತಿರುವುದನ್ನು ಕಂಡು ಅವನು ಬಾಗಿಲಲ್ಲೇ ನಿಂತ.

ಜೀಪು ಬಂದದ್ದರಿಂದ ಬೀದಿಯವರೂ ಬಂದರು. ಆಗಷ್ಟೇ ಶಾಲೆಯಿಂದ ಬರುತ್ತಿದ್ದ ಮಗಳು ಗುಂಪು ಸೀಳಿಕೊಂಡು ಒಳಗೆ ಬಂದು, ಅಮ್ಮ, ಗಂಡ ಇಬ್ಬರೂ ನಿಂತ ಸ್ಕೂಟರಿನಲ್ಲಿ ಸವಾರಿ ಹೊರಟವರಂತೆ ಕೂತಿರುವುದನ್ನು ನೋಡಿ ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ಆಮೇಲೆ ಬಂದು ಅಮ್ಮನ ಪಕ್ಕದಲ್ಲಿ ನಿಂತಳು. ಸಾಹೇಬರು ಅಕ್ರಮ ಪ್ರವೇಶದ ಬಗ್ಗೆ ಏನೋ ಗದರಲು ಶುರುಮಾಡಿದ್ದರು. ಅಷ್ಟರಲ್ಲಿ ಗುಂಪಿನಿಂದ ಬೇಕರಿಯವನು ಮುಂದೆ ಬಂದು, ಸಾಲಿನಲ್ಲಿದ್ದ ಒಂದು ಕೆಂಪು ಬೈಕಿನ ಟ್ಯಾಂಕಿನ ತಗ್ಗನ್ನು ಸವರಿ, ಇದು ನನ್ನದು ಎಂದ. ತನ್ನ ಕಾಲಿನ ಮೇಲಿನ ಗಾಯದ ಗುರುತನ್ನೂ ತೋರಿಸಿದ, ಎರಡೂ ಬೈಕಿನಿಂದ ಬಿದ್ದ ದಿನವೇ ಆದವಂತೆ. ಕ್ಷೌರದಂಗಡಿಯವನು ಗೋಡೆಯ ಮೇಲಿದ್ದ ಒಂದು ಹ್ಯಾಂಡಲನ್ನು ದಿಟ್ಟಿಸಿ ನೋಡುತ್ತಾ ನಿಂತ.

ಆಗ ಅಳಿಯ ಸೀಟಿನಿಂದ ಇಳಿದ. ಜೇಬಿನಿಂದ ಕೀಲಿ ತೆಗೆದು ಸ್ಕೂಟರಿನ ಮುಂದಿನ ಡಬ್ಬಿಗೆ ಹಾಕಿ ತಿರುಗಿಸಿದ. ಮುಚ್ಚಳ ತೆರೆದುಕೊಂಡಿತು. ಒಳಗಿನಿಂದ ಕಾಗದ ತೆಗೆದು ರೈಟರಿಗೆ ಕೊಟ್ಟ.

“ನೀವು ಕೇಳಿದ್ರಲ್ಲ ಸಾರ್” ಎಂದ.

ಸಾಹೇಬರು ರೈಟರ ಮುಖ ನೋಡಿದರು. ರೈಟರು ಫ್ಯಾನು ನೋಡಲು ತಲೆಯೆತ್ತಿದ. ಅಲ್ಲಿ ಫ್ಯಾನಿರಲಿಲ್ಲ. ಇಷ್ಟು ಜನರ ಎದುರಿಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ಮಾತಾಡಲು ಯಾರಿಗೂ ಜಾಗವಿರಲಿಲ್ಲ. ಪಾಲಿಶನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು.

ಮರುದಿನದ ಪೇಪರಿನಲ್ಲಿ, ಪೊಲೀಸರ ಸತತ ನಿಗಾದಿಂದ ಕಳ್ಳಮಾಲಿನ ಜಾಲ ಪತ್ತೆ ಎಂದು ಬಂತು. ಅಳಿಯ ಅದನ್ನು ಜೋರಾಗಿ ಓದಿ ಹೇಳಿದ. ‘ಸತತ ನಿಗಾ’ ಅಂದರೆ ನೀವೇ ಎಂದ. ಅತ್ತೆ, ಹೋಗಲಿ ಬಿಡಿ, ಪಾಪ, ಅವರಿಗೂ ಹೆಂಡತಿ ಮಕ್ಕಳ ಮುಂದೆ ಹೇಳಿಕೊಳ್ಳಲು ಏನಾದರೂ ಬೇಕಲ್ಲ ಎಂದರು.

ಸ್ಕೂಟರು ಮಾತ್ರ ಮನೆಗೆ ಬರಲಿಲ್ಲ. ಅದು ಸಾಕ್ಷಿಯಂತೆ. ಕೋರ್ಟು ಹೇಳುವವರೆಗೆ ಸ್ಟೇಷನ್ನಿನ ಅಂಗಳದಲ್ಲೇ ಇರಬೇಕಂತೆ. ಇನ್ನೂ ಸ್ವಾರಸ್ಯವೆಂದರೆ, ಪಾಲಿಶ್ ಫೋನಿನಲ್ಲಿ ಕೊಟ್ಟಿದ್ದ ದೂರನ್ನು ರೈಟರು ಅಂದೇ, ಹೊರಡುವ ಮೊದಲೇ, ಬರೆದುಕೊಂಡುಬಿಟ್ಟಿದ್ದ. ಹೀಗಾಗಿ ಕಳ್ಳತನದ ಕೇಸಿಗಿಂತ ಮುಂಚೆ ಅತ್ತೆ ಅಳಿಯರ ಮೇಲಿನ ಅಕ್ರಮ ಪ್ರವೇಶದ ಕೇಸು ದಾಖಲಾಗಿತ್ತು. ಅಳಿಸಲು ಬರುವುದಿಲ್ಲ ಎಂದು ಅವನು ತಲೆತಗ್ಗಿಸಿ ಹೇಳಿದ. ಆದರೆ ಮುಂದಿನ ಸಲ ಅವರು ಸ್ಕೂಟರು ನೋಡಲು ಹೋದಾಗ ಅದು ಬಿಸಿಲಿನಲ್ಲಿರಲಿಲ್ಲ. ಯಾರೋ ತಳ್ಳಿಕೊಂಡು ಹೋಗಿ ಮರದ ನೆರಳಿನಲ್ಲಿ ನಿಲ್ಲಿಸಿದ್ದರು. ರೈಟರ ಅಂಗೈ ಕಪ್ಪಾಗಿತ್ತು. ಅತ್ತೆ ಅದನ್ನು ನೋಡಿದರು. ಅವತ್ತಿನಿಂದ ಅವರು ಬೆಂಚಿನ ಮೇಲೆ ಕೂರಬೇಕಾಗಿ ಬರಲಿಲ್ಲ, ರೈಟರು ಕುರ್ಚಿ ಹಾಕಿಸುತ್ತಿದ್ದ.

ಅಷ್ಟರಲ್ಲಿ ಡಾಕ್ಟರು, ಕಣ್ಣು ಪೂರ್ತಿ ವಾಸಿಯಾಗಿದೆ, ಇನ್ನು ಓದಬಹುದು, ಹೊಲಿಯಬಹುದು, ಒಬ್ಬರೇ ಇರಬಹುದು ಎಂದರು. ಅತ್ತೆ ಆ ಸಂಜೆಯೇ ಚೀಲ ತೆಗೆದು ಬಟ್ಟೆ ಮಡಿಸತೊಡಗಿದರು. ಮಗಳು ತಡೆದಳು. ನನ್ನ ಮನೆ ಧೂಳು ಹಿಡಿಯುತ್ತಿದೆ ಎಂದರು. ಮಗಳ ಮಾತಿಗೆ ಅಮ್ಮನ ಹತ್ತಿರ ಬೆಲೆಯಿಲ್ಲ ಎಂದು ಅವಳು ಗಂಡನ ಕಡೆ ನೋಡಿದಳು. ಅವನು ಬಾಗಿಲಲ್ಲಿ ನಿಂತು, ಅರ್ಧ ತುಂಬಿದ ಚೀಲವನ್ನು ನೋಡುತ್ತಿದ್ದ.

“ಅತ್ತೆ, ಕೋರ್ಟಿಗೆ ಹೋಗ್ಬೇಕಲ್ಲ” ಎಂದ.

“ಆ ದಿನಕ್ಕೆ ಬಂದು ಹೋಗ್ತೀನಿ.”

“ಒಂದೇ ದಿನಕ್ಕೆ ಮುಗಿಯಲ್ಲ ಅದು. ವರ್ಷಗಟ್ಟಲೆ ಆಗುತ್ತಂತೆ.” ಅವನು ಒಳಗೆ ಒಂದು ಹೆಜ್ಜೆ ಬಂದ. “ಆಗಲಿ ಅಂತ್ಲೇ ನಂಗೆ ಆಸೆ.”

ಅತ್ತೆ ಮಡಿಸುತ್ತಿದ್ದ ಶಾಲನ್ನು ಹಾಗೇ ಹಿಡಿದುಕೊಂಡು ನಿಂತರು. ಆಮೇಲೆ, ಈ ಶಾಲು ಇಲ್ಲೇ ಇರಲಿ, ಬೆಳಿಗ್ಗೆ ಚಳಿ ಇರುತ್ತೆ ಎಂದು ತಮಗೆ ತಾವೇ ಹೇಳಿಕೊಂಡು ಅದನ್ನು ಗೂಟಕ್ಕೆ ಹಾಕಿದರು. ಉಳಿದ ಬಟ್ಟೆಗಳು ಒಂದೊಂದಾಗಿ ಚೀಲದಿಂದ ಹೊರಬರಲು ಎರಡು ಮೂರು ದಿನ ಹಿಡಿಯಿತು. ಅವಸರವೇನೂ ಇರಲಿಲ್ಲ.

ಅಕ್ರಮ ಪ್ರವೇಶದ ಕೇಸು ಕೋರ್ಟಿಗೆ ಬಂದದ್ದು ಒಂದು ಸೆಖೆಯ ದಿನ. ಬೆಳಿಗ್ಗೆಯಿಂದ ವರಾಂಡದಲ್ಲಿ ಕಾಯ್ದರು. ಒಳಗೆ ಕರೆದಾಗ ನ್ಯಾಯಾಧೀಶೆ ಕಾಗದ ಓದಿ, ನೀವು ಅಲ್ಲಿಗೆ ಹೋಗಿ ಏನು ಮಾಡಿದಿರಿ ಎಂದು ಕೇಳಿದರು. ಕೂತೆ ಎಂದರು ಅತ್ತೆ. ನೀವು? ನಾನೂ ಕೂತೆ ಎಂದ ಅಳಿಯ. ನ್ಯಾಯಾಧೀಶೆ ಕಾಗದವನ್ನು ಮುಖಕ್ಕೆ ಅಡ್ಡ ಹಿಡಿದು ಸ್ವಲ್ಪ ಹೊತ್ತು ಹಾಗೇ ಇದ್ದು, ಆಮೇಲೆ ಗಂಭೀರವಾಗಿ ಕೇಸು ವಜಾ ಮಾಡಿದರು. ಕಳ್ಳತನದ ಕೇಸಿಗೆ ಮಾತ್ರ ಇನ್ನೊಂದು ತಾರೀಕು ಸಿಕ್ಕಿತು.

ವಾಪಸು ಬರುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಕಡೆ ಸೀಟು ಸಿಕ್ಕಿತು. ಅತ್ತೆ ಕಿಟಕಿಯ ಪಕ್ಕ ಕೂತು, ನ್ಯಾಯಾಧೀಶೆ ನಕ್ಕದ್ದನ್ನು ತಾವು ಕಂಡುಹಿಡಿದದ್ದು ಹೇಗೆಂದು ವಿವರಿಸುತ್ತಿದ್ದವರು ನಡುವೆಯೇ ತೂಕಡಿಸಿದರು. ತಲೆ ಮೆಲ್ಲಗೆ ಅಳಿಯನ ಭುಜಕ್ಕೆ ಒರಗಿತು. ಅವನು ಉಸಿರನ್ನೂ ಹದವಾಗಿ ಬಿಡುತ್ತಾ ನೆಟ್ಟಗೆ ಕೂತ. ತಮ್ಮ ನಿಲ್ದಾಣ ಬಂತು. ಕಂಡಕ್ಟರು ಇವರ ಕಡೆ ನೋಡಿದ. ಅಳಿಯ ಇಲ್ಲವೆಂದು ತಲೆಯಾಡಿಸಿದ. ಮುಂದಿನದರಲ್ಲಿ ಇಳಿದು ನಡೆದುಕೊಂಡು ಬಂದರಾಯಿತು.